ಮೂರು ನಿಮಿಷದ ಮನಸೂರರು



ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ಮೋಡಗಳು ಕವಿದು, ಮಳೆ ಬರುವುದೋ ಬಾರದೋ ಎಂಬ ಸಂದೇಹದಲ್ಲಿ ರೈತಬಂಧುಗಳು ಆಕಾಶವನ್ನು ನೋಡುವ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಮನೆಯಲ್ಲೊಂದು ಚಿಕ್ಕ ಕೂಟ ಸೇರುತ್ತದೆ. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಆಮಂತ್ರಣ ಪತ್ರಿಕೆಯೂ ಇಲ್ಲ. ತಿಂಗಳ 12ನೆಯ ದಿನದ ಸಂಜೆ ಏಳೆಂಟು ಮಂದಿ ಚಾಪೆಯ ಮೇಲೆ ಕುಳಿತು, 1992ರಲ್ಲಿ ಅದೇ ದಿನ ಲಿಂಗೈಕ್ಯರಾದ ಪಂಡಿತ ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಗಳನ್ನು ಕೇಳುತ್ತೇವೆ. ಮಧ್ಯೆ ಯಾರೂ ಮಾತನಾಡುವುದಿಲ್ಲ. ಮುಗಿದ ಮೇಲೆ ಕಡಲೆಪುರಿ, ಒಂದು ಲೋಟ ಕಾಫಿ, ಅಷ್ಟೇ ಪ್ರಸಾದ.

ಕೋಲಾರಕ್ಕೂ ಮನಸೂರರಿಗೂ ಏನು ಸಂಬಂಧವೆಂದು ಕೆಲವರು ಕೇಳುವುದುಂಟು. ಕೇಳುವುದು ಸಹಜವೇ. ನಮ್ಮದು ಆಂಧ್ರದ ಗಡಿಗೆ ಅಂಟಿದ ಸೀಮೆ. ಇಲ್ಲಿ ಮದುವೆಯೆಂದರೆ ನಾಗಸ್ವರ, ರಾಮನವಮಿಯೆಂದರೆ ತೆಲುಗು ಕೀರ್ತನೆ, ಭಜನೆಯೆಂದರೆ ಕೈವಾರ ತಾತಯ್ಯನವರ ತತ್ತ್ವಪದ. ಧಾರವಾಡದ ಖಯಾಲು ಗಾಯನಕ್ಕೆ ಇಲ್ಲಿ ನೆರಳು ಸಾಲದು. ಆದರೂ ಆ ಧ್ವನಿ ನಮ್ಮ ಮನೆಯೊಳಗೆ ಬಂದಿತು. ಅದನ್ನು ಕರೆತಂದವರು ನಮ್ಮ ಅವ್ವ.

ಅವ್ವ ಧಾರವಾಡದ ಕಡೆಯ ಹಳ್ಳಿಯೊಂದರಿಂದ ಮದುವೆಯಾಗಿ ಈ ಊರಿಗೆ ಬಂದವರು. ನೆರೆಹೊರೆಯ ಮಕ್ಕಳೆಲ್ಲ ತಾಯಿಯನ್ನು 'ಅಮ್ಮ' ಎಂದು ಕರೆಯುವ ಬೀದಿಯಲ್ಲಿ ನಾವು ಮಾತ್ರ 'ಅವ್ವ' ಎನ್ನುತ್ತಿದ್ದೆವು. ಹೊರಗೆ ತೆಲುಗು, ಅಂಗಡಿಯಲ್ಲಿ ತಮಿಳು ಬೆರೆತ ಕನ್ನಡ, ತಾಟಿನಲ್ಲಿ ಜೋಳದ ರೊಟ್ಟಿಯ ಬದಲು ರಾಗಿ ಮುದ್ದೆ. ತವರಿಗೆ ಹೋಗಬೇಕಾದರೆ ಒಂದು ಹಗಲು, ಒಂದು ರಾತ್ರಿಯ ಪ್ರಯಾಣ. ಹೀಗಾಗಿ ಅವರ ತವರು ವರ್ಷಕ್ಕೊಮ್ಮೆ ಬಸ್ಸಿನಲ್ಲಿಯೂ, ಉಳಿದ ದಿನಗಳಲ್ಲಿ ರೇಡಿಯೋದಲ್ಲಿಯೂ ಸಿಗುತ್ತಿತ್ತು. ಕತ್ತಲಾದ ಮೇಲೆ ಮೀಡಿಯಂ ವೇವ್ ಅಲೆಗಳು ದೂರ ಸಾಗುತ್ತವೆ. ಹಗಲೆಲ್ಲ ಮೂಕವಾಗಿರುತ್ತಿದ್ದ ಧಾರವಾಡ ಕೇಂದ್ರವು, 1950ರಲ್ಲಿ ಆರಂಭವಾದ ಆ ನಿಲಯವು, ರಾತ್ರಿಯ ಹೊತ್ತು ಗೊರಗೊರ ಸದ್ದಿನ ನಡುವೆ ನಮ್ಮ ಹಳೆಯ ರೇಡಿಯೋದಲ್ಲಿ ಕ್ಷೀಣವಾಗಿ ಉಸಿರಾಡುತ್ತಿತ್ತು. ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವಿದ್ದರಂತೂ ಅವ್ವ ಅಡಿಗೆ ಮನೆಯ ಕೆಲಸವನ್ನು ಬೇಗ ಮುಗಿಸಿಕೊಳ್ಳುತ್ತಿದ್ದರು.

ಮನಸೂರರ ಜೀವನವನ್ನು ನಮ್ಮ ಓದುಗರಲ್ಲಿ ಹಿರಿಯರು ಬಲ್ಲರು. ಕಿರಿಯರಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಅವರು 1910ರ ಡಿಸೆಂಬರ್ 31ರಂದು ಧಾರವಾಡದ ಸಮೀಪದ ಮನಸೂರಿನಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರು, ತಾಯಿ ನೀಲಮ್ಮನವರು. ಅಣ್ಣ ಬಸವರಾಜರ ನಾಟಕ ಕಂಪನಿಯಲ್ಲಿ ಬಾಲನಟರಾಗಿ ಹಾಡತೊಡಗಿದ ಹುಡುಗನಿಗೆ ಮೊದಲು ಕರ್ನಾಟಕ ಸಂಗೀತದ ಪಾಠವಾದುದು ಅಪ್ಪಯ್ಯಸ್ವಾಮಿಗಳಿಂದ. ನಂತರ ಮೀರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಶಿಕ್ಷಣ. ತರುವಾಯ ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಶಿಷ್ಯತ್ವ. ಆ ಗುರುಗಳು 1937ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಶಿಷ್ಯರು ಎದೆಗುಂದಲಿಲ್ಲ. ಗುರುವಿನ ತಮ್ಮ ಬುರ್ಜಿಖಾನರಲ್ಲಿ ಅದೇ ವಿದ್ಯೆಯನ್ನು ಮುಂದುವರಿಸಿದರು. ಮುಸಲ್ಮಾನ ಉಸ್ತಾದರ ಪಾದದಲ್ಲಿ ಕುಳಿತು ಕಲಿತ ಈ ಶರಣ ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅಚಲ ಭಕ್ತಿಯುಳ್ಳವರು. ತಾವು ಕಟ್ಟಿಸಿದ ಮನೆಗೆ 'ಮೃತ್ಯುಂಜಯ' ಎಂದೇ ಹೆಸರಿಟ್ಟರು. ಇವೆರಡು ನಿಷ್ಠೆಗಳ ನಡುವೆ ಅವರಿಗೆ ಎಂದೂ ಜಗಳ ಕಾಣಲಿಲ್ಲ ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳತಕ್ಕದ್ದು.

ಅವರಿಗೆ 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಸಂದವು. 2014ರಲ್ಲಿ ಅಂಚೆ ಇಲಾಖೆಯವರು ಸಂಗೀತಗಾರರ ಚಿತ್ರಗಳುಳ್ಳ ಅಂಚೆಚೀಟಿಗಳನ್ನು ಹೊರತಂದಾಗ ಅವರ ಮುಖವೂ ಅದರಲ್ಲಿತ್ತು. ಆದರೆ ರಸಿಕರು ಅವರನ್ನು ನೆನೆಯುವುದು ಪದವಿಗಳಿಂದಲ್ಲ, ಧ್ವನಿಮುದ್ರಿಕೆಗಳಿಂದ.

1930ರ ದಶಕದಲ್ಲಿ ನಾಯಿ ಗುರುತಿನ ಕಂಪನಿಯವರು ಅವರ ಹಾಡುಗಳನ್ನು ಗ್ರಾಮಫೋನ್ ಪ್ಲೇಟುಗಳಲ್ಲಿ ಮುದ್ರಿಸಿಕೊಂಡರು. ಅರಗಿನಿಂದ ಮಾಡಿದ ಆ ಕಪ್ಪು ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. ಒಂದು ಗಂಟೆ ಹಾಡಬಲ್ಲ ರಾಗವನ್ನು ಮೂರು ನಿಮಿಷದೊಳಗೆ ಹೇಳಿ ಮುಗಿಸಬೇಕು. ಬೇಡದ್ದೆಲ್ಲ ಉದುರಿ ರಾಗದ ಜೀವವಷ್ಟೇ ಉಳಿಯಬೇಕು. ಗುಬ್ಬಿಗೆ ಗೂಡು ಕಟ್ಟಿದಷ್ಟೇ ಜಾಗದಲ್ಲಿ ಗುಡಿ ಕಟ್ಟಿದಂತೆ ಅದು. ಲಾಂಗ್ ಪ್ಲೇ ತಟ್ಟೆಗಳು ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅವಕಾಶವಾಯಿತು. ಶುದ್ಧ ನಟ್, ಶಿವಮತ ಭೈರವ, ಬಹಾದುರಿ ತೋಡಿ ಮೊದಲಾದ, ಸಾಮಾನ್ಯವಾಗಿ ಕಿವಿಗೆ ಬೀಳದ ರಾಗಗಳನ್ನು ಅವರ ಕಂಠದಲ್ಲಿ ಕೇಳಿದವರು ಬೇರೆಡೆ ಆ ರುಚಿಯನ್ನು ಹುಡುಕುತ್ತಲೇ ಇರುತ್ತಾರೆ. ಎರಡು ರಾಗಗಳ ಎಳೆಗಳನ್ನು ಇಳಕಲ್ಲಿನ ನೇಕಾರನು ಸೆರಗನ್ನು ಕೂಡಿಸುವಂತೆ ಗಂಟು ಕಾಣದ ಹಾಗೆ ಕೂಡಿಸುವುದು, ಲಯವನ್ನು ಒಂದು ಕ್ಷಣವೂ ಕೈಬಿಡದೆ ಒಂದೇ ಉಸಿರಿನಲ್ಲಿ ಉದ್ದನೆಯ ತಾನನ್ನು ಹರಿಸಿ ಸಮಕ್ಕೆ ಬಂದು ಕೂಡುವುದು ಆ ಗಾಯನದ ಗುಣ. ವಚನಗಳನ್ನು ಹಾಡುವಾಗ ಮಾತ್ರ ಆ ಪಾಂಡಿತ್ಯವೆಲ್ಲ ಮಾತಿಗೆ ಶರಣಾಗಿ ಹಿಂದೆ ನಿಲ್ಲುತ್ತಿತ್ತು.

ಇನ್ನು ನಮ್ಮ ಅಪರಾಧದ ಕಥೆಯನ್ನು ಹೇಳಬೇಕು. ಅದನ್ನು ಹೇಳದೆ ಈ ಲೇಖನಕ್ಕೆ ಅರ್ಥವಿಲ್ಲ.

1980ರ ದಶಕದ ಆರಂಭದಲ್ಲಿ ನಮ್ಮ ಮನೆಗೆ ಒಂದು ಚಪ್ಪಟೆಯಾದ ಟೇಪ್ ರೆಕಾರ್ಡರ್ ಬಂದಿತು. ರೇಡಿಯೋ ಬೇರೆ, ಇದು ಬೇರೆ. ರೇಡಿಯೋದ ಮುಂದೆ ಇದನ್ನಿಟ್ಟು, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಕೋಣೆಯಲ್ಲಿ ಕೇಳಿಸುವುದೆಲ್ಲ ಮುದ್ರಣವಾಗುತ್ತಿತ್ತು. ಅವ್ವ ಒಂದು ಶನಿವಾರ ರಾತ್ರಿ ಮನಸೂರರ ಗಾಯನವನ್ನು ಹೀಗೆ ಹಿಡಿದಿಟ್ಟರು. ಕ್ಯಾಸೆಟ್ಟಿನ ಮೇಲೆ ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ 'ಮನಸೂರ ಅಣ್ಣಾವರು - ನಟ್' ಎಂದು ಬರೆದು, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಪೂಜಾ ಸಾಮಗ್ರಿಗಳ ಕಪಾಟಿನಲ್ಲಿ ಇಟ್ಟುಕೊಂಡರು.

ನಾವು ಆಗ ಪಿ.ಯು.ಸಿ. ಓದುತ್ತಿದ್ದೆವು. ಗೆಳೆಯನೊಬ್ಬ ಹೊಸ ಸಿನಿಮಾ ಹಾಡುಗಳ ಕ್ಯಾಸೆಟ್ಟನ್ನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದ. ಖಾಲಿ ಕ್ಯಾಸೆಟ್ಟು ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಅವ್ವ ಹಿತ್ತಲಿನಲ್ಲಿದ್ದಾಗ ಕಪಾಟಿಗೆ ಕೈಹಾಕಿದೆವು.

ಅವ್ವನಿಗೆ ತಿಳಿದದ್ದು ಮೂರು ದಿನಗಳ ನಂತರ. ಬೈಯಲಿಲ್ಲ. ಸ್ವಲ್ಪ ಹೊತ್ತು ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಇರಲಿ ಬಿಡಪಾ. ಅಣ್ಣಾವರು ಮತ್ತ ಹಾಡ್ತಾರ, ರೇಡಿಯೋದಾಗ ಬಂದs ಬರ್ತೈತಿ," ಎಂದರು. ನಾವು ಅಲ್ಲಿಗೆ ಮರೆತೆವು. ಮನೆಯ ಆರ್ಥಿಕ ಸ್ಥಿತಿ, ಮದುವೆ ಮುಂಜಿಗಳ ಓಡಾಟ, ಅಪ್ಪಾಜಿಯವರ ಕಾಯಿಲೆ ಇವುಗಳ ನಡುವೆ ಅವ್ವ ಮತ್ತೆ ಧ್ವನಿಮುದ್ರಣ ಮಾಡಿಕೊಳ್ಳಲಿಲ್ಲ.

1992ರ ಸೆಪ್ಟೆಂಬರಿನಲ್ಲಿ ವಾರ್ತೆ ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಕೆಳಗಿಟ್ಟರು. "ಇನ್ನ ಹಾಡೂದಿಲ್ಲ ನೋಡು," ಎಂದಷ್ಟೇ ಹೇಳಿ ಮತ್ತೆ ಅಕ್ಕಿ ಆರಿಸತೊಡಗಿದರು. ಆ ಮಾತು ನಮ್ಮನ್ನು ಕುರಿತು ಆಡಿದ್ದಲ್ಲ. ಆದರೆ ಅದು ನಮಗೇ ತಾಗಿತು.

ಆ ಮೇಲೆ ನಾವು ಹುಡುಕಾಟಕ್ಕೆ ತೊಡಗಿದೆವು. ಬೆಂಗಳೂರಿನ ಅಂಗಡಿಗಳಿಂದ ಅವರ ಕ್ಯಾಸೆಟ್ಟುಗಳನ್ನು ತಂದೆವು. ಶುದ್ಧ ನಟ್ ರಾಗವೂ ದೊರೆಯಿತು. ಅವ್ವನ ಮುಂದೆ ಹಾಕಿದೆವು. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಭಾಳ ಛಲೋ ಐತಿ. ಆದ್ರ ಆವತ್ತಿಂದು ಅಲ್ಲ," ಎಂದರು. ನಮಗೆ ಆಗ ಅದು ಹಿರಿಯರ ಹಟವೆಂದು ತೋರಿತು. ಇಂದು ಅರ್ಥವಾಗುತ್ತದೆ. ಒಂದೇ ರಾಗವನ್ನು ಮನೋಧರ್ಮದಿಂದ ಹಾಡುವ ಗಾಯಕನು ಎರಡು ಸಲ ಒಂದೇ ತೆರನಾಗಿ ಹಾಡುವುದಿಲ್ಲ. ಹರಿಯುವ ನೀರಿನಲ್ಲಿ ಅದೇ ಅಲೆಯನ್ನು ಮರಳಿ ಹಿಡಿಯಲಾಗದು.

ಕೆಲವು ವರ್ಷಗಳ ಹಿಂದೆ ಅವ್ವ ಲಿಂಗೈಕ್ಯರಾದರು. ವರ್ಷದ ಕಾರ್ಯ ಮುಗಿದ ಮೇಲೆ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಅವರು ಅದನ್ನು ಎಸೆದಿರಲಿಲ್ಲ. ಮೇಲಿನ ಅಕ್ಷರಗಳೂ ಹಾಗೆಯೇ ಇದ್ದವು.

ಆ ವರ್ಷದ ಕೂಟಕ್ಕೆ ಅದನ್ನು ತಂದಿಟ್ಟೆವು. ನಮ್ಮ ಕೂಟಕ್ಕೆ ಕೆ.ಜಿ.ಎಫ್.ನಿಂದ ಬರುವ ಹಿರಿಯ ಮಿತ್ರರೊಬ್ಬರಿದ್ದಾರೆ. ಆಂಗ್ಲೋ-ಇಂಡಿಯನ್ ಕುಟುಂಬದವರು, ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಅಲ್ಲಿ ದುಡಿದವರು. ಅವರಿಗೆ ಪಿಯಾನೋ ಎಂದರೆ ಪ್ರಾಣ, ಹಳೆಯ ಯಂತ್ರಗಳನ್ನು ರಿಪೇರಿ ಮಾಡುವುದೆಂದರೆ ಅದಕ್ಕೂ ಮಿಗಿಲು. ಚೆನ್ನಾಗಿ ನಡೆಯುವ ಕ್ಯಾಸೆಟ್ ಡೆಕ್ಕೊಂದನ್ನು ಅವರೇ ಹೊತ್ತು ತಂದರು. ಕ್ಯಾಸೆಟ್ಟು ತಿರುಗತೊಡಗಿತು. ನಿರೀಕ್ಷೆಯಂತೆಯೇ ಸಿನಿಮಾ ಹಾಡುಗಳು. ಒಂದಾದ ಮೇಲೊಂದು. ನಾಚಿಕೆಯಿಂದ ತಲೆತಗ್ಗಿಸಿ ಕುಳಿತಿದ್ದೆವು. ಇಪ್ಪತ್ತೇಳು ನಿಮಿಷಗಳಾದ ಮೇಲೆ ಕೊನೆಯ ಹಾಡು ಮುಗಿಯಿತು. ನಮ್ಮ ಸೊಸೆ ನಿಲ್ಲಿಸಲು ಕೈಚಾಚಿದಳು. ಮಿತ್ರರು "ಇರು ಮಗಳೆ, ಟೇಪು ಇನ್ನೂ ಇದೆ," ಎಂದು ತಡೆದರು.

'ಟಕ್' ಎಂದು ಒಂದು ಸದ್ದು. ಆಮೇಲೆ, ಅರ್ಧ ತಾನಿನಿಂದ ಹೊರಟು, ಮನಸೂರರು.

ಗೊರಗೊರ ಶಬ್ದದ ಆಚೆಗೆ ಆ ಕಂಠ ಏರುತ್ತಿತ್ತು. ತಬಲಾ ದೂರದಲ್ಲಿತ್ತು. ನಡುವೆ ಪಾತ್ರೆಯೊಂದು ಉರುಳಿದ ಸದ್ದು. ಮಕ್ಕಳು ನಕ್ಕ ಸದ್ದು. ಆಗ, ಯಂತ್ರಕ್ಕೆ ತೀರ ಹತ್ತಿರದಿಂದ, ಮೆಲ್ಲನೆ ಒಂದು ದನಿ: "ಗದ್ದಲಾ ಮಾಡಬ್ಯಾಡ್ರೋ, ಅಣ್ಣಾವರು ಹಾಡಾಕತ್ಯಾರ."

ಅವ್ವ.

ಮೂರು ನಿಮಿಷಕ್ಕೆ ಟೇಪು ಮುಗಿಯಿತು. ಯಾರೂ ಮಾತನಾಡಲಿಲ್ಲ. ಅವ್ವನ ಫೋಟೋಗಳು ನಮ್ಮ ಮನೆಯಲ್ಲಿ ಹತ್ತಾರು ಇವೆ. ಅವರ ದನಿ ಇರುವುದು ಇದೊಂದೇ ಕಡೆ. ಇಷ್ಟು ವರ್ಷ ನಾವು ಅಳಿಸಿದ್ದು ಒಂದು ರಾಗವನ್ನು ಎಂದುಕೊಂಡಿದ್ದೆವು. ನಾವು ಅಳಿಸಿದ್ದು ಅವ್ವನು ಕುಳಿತು ಕೇಳಿದ ಒಂದು ಸಂಜೆಯನ್ನು. ಉಳಿದದ್ದು, ಆ ಹಳೆಯ ಅರಗಿನ ತಟ್ಟೆಯ ಒಂದು ಮಗ್ಗುಲಿನಷ್ಟು.

ಬಹಳ ಹೊತ್ತಾದ ಮೇಲೆ ನಮ್ಮ ಕೆ.ಜಿ.ಎಫ್. ಮಿತ್ರರು ತಮ್ಮ ಪ್ರಿಯ ಕಲಾವಿದನ ಸಂಗತಿಯನ್ನು ಹೇಳಿದರು. ಅಮೆರಿಕದಲ್ಲಿ ಬಿಲ್ ಇವಾನ್ಸ್ ಎಂಬ ಪಿಯಾನೋ ವಾದಕನಿದ್ದನಂತೆ. ಜಾಜ್ ಎಂಬ ಸಂಗೀತಪದ್ಧತಿಯವನು. ಅಲ್ಲಿಯ ಕರಿಯ ಜನಾಂಗದವರು ತಮ್ಮ ನೋವಿನೊಳಗಿಂದ ಬೆಳೆಸಿದ ಆ ಸಂಗೀತದಲ್ಲಿ ಒಂದು ಪರಿಚಿತ ಧಾಟಿಯನ್ನು ಹಿಡಿದು, ಕುಳಿತಲ್ಲಿಯೇ ಹೊಸದಾಗಿ ಬೆಳೆಸುತ್ತ ಹೋಗುವುದು ಮುಖ್ಯ. ನಮ್ಮ ಮನೋಧರ್ಮಕ್ಕೆ ಅದು ದೂರದ ಬಂಧು. 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಚಿಕ್ಕ ನೆಲಮಾಳಿಗೆಯಲ್ಲಿ ಆತ ಇಬ್ಬರು ಸಂಗಡಿಗರೊಡನೆ ನುಡಿಸಿದ್ದನ್ನು ಮುದ್ರಿಸಿಕೊಂಡರು. ನಡುವೆ ವಿದ್ಯುತ್ ಕಡಿದು ಧ್ವನಿಮುದ್ರಣ ಒಂದೆಡೆ ತುಂಡಾಯಿತು. ಕೇಳುಗರ ಮಾತು, ಗಾಜಿನ ಲೋಟಗಳ ಕಿಣಿಕಿಣಿ ಎಲ್ಲವೂ ಅದರಲ್ಲಿವೆ. ಹನ್ನೊಂದು ದಿನಗಳ ಮೇಲೆ ಸಂಗಡಿಗರಲ್ಲೊಬ್ಬನಾದ ಸ್ಕಾಟ್ ಲಫಾರೋ ಇಪ್ಪತ್ತೈದರ ಹರೆಯದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಇವಾನ್ಸ್ 1980ರ ಸೆಪ್ಟೆಂಬರ್ 15ರಂದು ತೀರಿಕೊಂಡ. ಆತನ ಅಭಿಮಾನಿಗಳು ಇಂದಿಗೂ ಆ ಒಂದು ದಿನದ ಮುದ್ರಣವನ್ನು, ಲೋಟಗಳ ಸದ್ದಿನ ಸಮೇತ, ಪೂಜ್ಯಭಾವದಿಂದ ಕೇಳುತ್ತಾರೆ. "ಆ ಲೋಟದ ಸದ್ದನ್ನು ತೆಗೆದುಬಿಟ್ಟರೆ ನನಗೆ ಆ ರಾತ್ರಿಯೇ ಹೋದಂತೆ," ಎಂದು ಮಿತ್ರರು ಹೇಳಿದರು. "ನಿಮ್ಮ ತಾಯಿಯವರ ಮಾತೂ ಹಾಗೆಯೇ."

ಬಂಧುಗಳೆ, ಇದನ್ನೆಲ್ಲ ಬರೆದುದು ನಮ್ಮ ಮನೆಯ ದುಃಖವನ್ನು ಹಂಚಲು ಮಾತ್ರವಲ್ಲ. ನಮ್ಮ ಸಮಾಜಕ್ಕೆ ಇಂತಹ ನಷ್ಟ ಹೊಸದಲ್ಲ. ವಚನಗಳ ತಾಳೆಗರಿಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಓದುವವರಿಲ್ಲದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದಿದ್ದವು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಅವನ್ನು ಕಲೆಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರ ಕೈಗೆ ಸಿಗುವ ಮೊದಲೇ ಗೆದ್ದಲಿಗೆ ಆಹಾರವಾದ ಗರಿಗಳನ್ನು ಯಾರು ಎಣಿಸಿದ್ದಾರೆ? ಇಂದು ನಮ್ಮ ಅಟ್ಟಗಳ ಮೇಲಿರುವ ಕ್ಯಾಸೆಟ್ಟುಗಳು ನಮ್ಮ ಕಾಲದ ತಾಳೆಗರಿಗಳು. ಅವುಗಳಲ್ಲಿ ಮನಸೂರರು ಇರಬಹುದು, ಮಠದ ಪ್ರವಚನವಿರಬಹುದು, ಅಜ್ಜಿ ಹಾಡಿದ ಸೋಬಾನೆ ಇರಬಹುದು.

ಆದುದರಿಂದ ಕೆಲವು ವಿನಂತಿಗಳು. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೇನನ್ನೂ ಮುದ್ರಿಸಲು ಯಂತ್ರ ಬಿಡುವುದಿಲ್ಲ. ಅಂದು ನಮ್ಮ ಮನೆಯಲ್ಲಿ ಈ ಒಂದು ಸಂಗತಿ ಅವ್ವನಿಗೆ ತಿಳಿದಿದ್ದರೆ ಸಾಕಾಗಿತ್ತು. ಟೇಪಿನ ಮೇಲೆ ಬೂಷ್ಟು ಬಿಳಿಯಾಗಿ ಕಂಡರೆ ಹಾಕಿ ನೋಡುವ ಆತುರ ಬೇಡ, ಬಲ್ಲವರಿಗೆ ತೋರಿಸಬೇಕು. ಹೊರಗವಚ ಒಡೆದಿದ್ದರೆ ಒಳಗಿನ ಟೇಪನ್ನು ತಿರುಪಿರುವ ಬೇರೊಂದು ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಬಹುದು. ಸ್ಪೀಕರಿನ ಹತ್ತಿರ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಹಳೆಯ 78ರ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಎಂದೂ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ಲಾಂಗ್ ಪ್ಲೇ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಯಂತ್ರವಿರುವವರಿಂದ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎರಡು ಮೂರು ಕಡೆ ಪ್ರತಿ ಇಡಬೇಕು. ಇಳಿಸುವಾಗ ಕೆಮ್ಮು, ಪಾತ್ರೆಯ ಸದ್ದು, ಮಕ್ಕಳ ಗಲಾಟೆ ಇವನ್ನು 'ಸ್ವಚ್ಛ' ಮಾಡಿಸಬೇಡಿರಿ. ಯಾರು, ಯಾವಾಗ, ಎಲ್ಲಿ ಎಂಬುದನ್ನು ಬರೆದಿಡಿರಿ. ಬರೆಯದ ದನಿ ಎರಡು ತಲೆಮಾರಿಗೆ ಅನಾಥವಾಗುತ್ತದೆ. ನಮ್ಮ ದೇಶದ ಕಾಯಿದೆಯ ಪ್ರಕಾರ ಪ್ರಕಟಿತ ಧ್ವನಿಮುದ್ರಿಕೆಯ ಹಕ್ಕು, ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಹಾಗಾಗಿ 1930ರ ದಶಕದ ಆ ಮೂರು ನಿಮಿಷದ ತಟ್ಟೆಗಳ ಮುದ್ರಣ ಈಗ ಸರ್ವರ ಸೊತ್ತು. ಅಂಥದು ಯಾರಲ್ಲಾದರೂ ಇದ್ದರೆ ಬೀಗ ಹಾಕಿಡದೆ ಹಂಚಬೇಕು. ಅನ್ನದಾಸೋಹವನ್ನು ಬಲ್ಲ ನಮಗೆ ನಾದದಾಸೋಹ ಕಷ್ಟವಾಗಲಾರದು.

ನಮ್ಮ ಮನೆಯ ಕ್ಯಾಸೆಟ್ಟಿನ ಹಲ್ಲುಗಳನ್ನು ಆ ರಾತ್ರಿಯೇ ಮುರಿದೆವು. ಸಿನಿಮಾ ಹಾಡುಗಳನ್ನೂ ಅಳಿಸಲಿಲ್ಲ. ಮೊಮ್ಮಗಳು ಏಕೆಂದು ಕೇಳಿದಾಗ, ಅದು ನಿನ್ನ ತಾತನ ಬುದ್ಧಿಯ ಧ್ವನಿಮುದ್ರಣ, ಅದೂ ಇರಲಿ ಎಂದೆವು. ಅವಳು ಈಗ ಪ್ರತಿ ವರ್ಷದ ಕೂಟದಲ್ಲಿ ಇಪ್ಪತ್ತೇಳು ನಿಮಿಷ ತಾಳ್ಮೆಯಿಂದ ಕಾದು, 'ಟಕ್' ಎಂದೊಡನೆ ಎಲ್ಲರಿಗೂ ಮುಂಚೆ ಬಾಯ ಮೇಲೆ ಬೆರಳಿಡುತ್ತಾಳೆ. ಅವಳು ಎಂದೂ ಕಾಣದ ಮುತ್ತಜ್ಜಿ ಮುಂದೆ ಏನು ಹೇಳುವರೆಂದು ಅವಳಿಗೆ ಗೊತ್ತು.